ಬಂದ ಸಂದೇಶ ನಿಜವೇ: ತಾವೇ ಹುಡುಕುವುದೋ, ಬಲ್ಲವರನ್ನು ಕೇಳುವುದೋ?

ವಾಟ್ಸಾಪ್ ಗುಂಪಿಗೆ ಬರುವ ರಾಜಕೀಯ ಮತ್ತು ಆರೋಗ್ಯದ ಸಂದೇಶಗಳನ್ನು, ಚಿತ್ರ ಕೊಟ್ಟರೆ ಅಂಥದೇ ಚಿತ್ರ ಅಂತರ್ಜಾಲದಲ್ಲಿ ಎಲ್ಲಿದೆಯೆಂದು ತೋರಿಸುವ ಗೂಗಲ್ ಲೆನ್ಸ್‌ನಲ್ಲಿ ತಾವೇ ಹುಡುಕುವುದು ಒಳ್ಳೆಯದೋ, ಸುದ್ದಿಯ ನಿಜ-ಸುಳ್ಳು ಪರಿಶೀಲಿಸುವ ಫ್ಯಾಕ್ಟ್ ಚೆಕ್ ಸಂಸ್ಥೆಗೆ ಕಳಿಸುವುದೋ, ಊರಿನ ವೈದ್ಯರನ್ನು ಕೇಳುವುದೋ ಎಂದು ಜಮಖಂಡಿಯ ಗೆಳೆಯರೊಬ್ಬರು ಕೇಳಿದ್ದಾರೆ.

ಖರ್ಚಿನ ಮಾತು ಬೇಗ ಮುಗಿಯುತ್ತದೆ: ಮೊದಲೆರಡಕ್ಕೆ ಡೇಟಾ ಸಾಕು, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸರದಿ ಕಾಯುವ ಹೊತ್ತಷ್ಟೇ ಖರ್ಚು.

ವೇಗದಲ್ಲಿ ಲೆನ್ಸ್ ಮುಂದು. ಮಳೆಗಾಲದಲ್ಲಿ “ಆಲಮಟ್ಟಿಯ ಗೇಟು ಮುರಿದಿದೆ” ಎಂಬ ವಿಡಿಯೊ ಬಂದರೆ, ಅದನ್ನು ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು ಹುಡುಕಿದಾಗ, ಅದೇ ದೃಶ್ಯ ಹಿಂದೆ ಎಲ್ಲಿ ಕಾಣಿಸಿಕೊಂಡಿತ್ತೆಂಬುದು ಹಲವು ಸಲ ನಿಮಿಷದಲ್ಲೇ ತಿಳಿಯುತ್ತದೆ. ಆಲಮಟ್ಟಿಗೆ 26 ಗೇಟುಗಳಿರುವುದರಿಂದ, ಪೂರ್ತಿ ಕಾಣುವ ಅಣೆಕಟ್ಟೆಗೆ ಹತ್ತೇ ಗೇಟುಗಳಿದ್ದರೆ ಲೆನ್ಸಿನ ಗೊಡವೆಯೂ ಬೇಡ. ಆದರೆ ಧ್ವನಿ ಸಂದೇಶಕ್ಕೆ ಈ ದಾರಿ ಒದಗದು.

ಕತ್ತರಿಸಿ ಜೋಡಿಸಿದ ಭಾಷಣದ ತುಣುಕಿಗೆ ಸಂಸ್ಥೆಗಳೇ ಸರಿ, ಏಕೆಂದರೆ ಅವು ಮೂಲ ಭಾಷಣವನ್ನು ಹುಡುಕಿ ಹೋಲಿಸುತ್ತವೆ; ಉತ್ತರಕ್ಕೆ ಮಾತ್ರ ಕಾಯಬೇಕಾದೀತು. 2019ರಲ್ಲಿ ಆರಂಭವಾದ, ಪಿಐಬಿಯ (ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿಯ) ಫ್ಯಾಕ್ಟ್ ಚೆಕ್ ಘಟಕವು ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ್ದನ್ನಷ್ಟೇ ನೋಡುತ್ತದೆ. ಅದು ಸರ್ಕಾರದ್ದೇ ಘಟಕವಾದ್ದರಿಂದ, ಸರ್ಕಾರದ ಮೇಲಿನ ಟೀಕೆಯ ವಿಷಯದಲ್ಲಿ ಸ್ವತಂತ್ರ ಸಂಸ್ಥೆಯೊಂದರ ಬರಹವನ್ನೂ ಓದುವುದು ಲೇಸೆಂದು ನನ್ನ ಅಭಿಪ್ರಾಯ.

“ಶುಗರ್ ಮಾತ್ರೆ ಬಿಟ್ಟು ಈ ಕಷಾಯ ಕುಡಿಯಿರಿ” ಎಂಬಂಥ ಸಂದೇಶವನ್ನು ಮನೆಯ ಹಿರಿಯರು ನಂಬತೊಡಗಿದ್ದರೆ, ಮೊದಲೆರಡು ದಾರಿಗಳನ್ನು ಬದಿಗಿಟ್ಟು, ಮಾತ್ರೆ ಬರೆದುಕೊಟ್ಟ ವೈದ್ಯರ ಬಳಿಗೇ ಅವರನ್ನು ಕರೆದೊಯ್ಯಬೇಕು. ಮೊಬೈಲಿನಲ್ಲಿ ನಾವು ತೋರಿಸುವ ಬರಹಕ್ಕಿಂತ ಪರಿಚಿತ ಡಾಕ್ಟರರ ಮಾತಿಗೆ ಅವರು ಬೇಗ ಒಪ್ಪುತ್ತಾರೆ.