ಚಿತ್ರದುರ್ಗದ ಕೋಟೆ: ಓಬವ್ವನ ಕಿಂಡಿ ನೋಡಿ ವಾಪಸ್ ಬರಬೇಡಿ

ಕಲ್ಲಿನ ಕೋಟೆಗೆ ಬಂದವರು ಸಾಮಾನ್ಯವಾಗಿ ಕೇಳುವುದು ಎರಡೇ ಜಾಗ: ಓಬವ್ವನ ಕಿಂಡಿ, ಏಕನಾಥೇಶ್ವರಿ ಗುಡಿ. ಒಂದೂವರೆ ಗಂಟೆಗೆ ಎರಡೂ ಮುಗಿಯುತ್ತವೆ. 25 ರೂಪಾಯಿ ಟಿಕೆಟ್ಟಿಗೆ ಅದೂ ನಷ್ಟವಲ್ಲ. ಆದರೆ ಮುತ್ತಿಗೆ ಬಿದ್ದ ಕೋಟೆ ಮೊದಲು ಸೋಲುವುದು ನೀರಿಗೆ. ದುರ್ಗದ ನಾಯಕರು ಆ ಲೆಕ್ಕ ಹೇಗೆ ಹಾಕಿದ್ದರೆಂದು ನೋಡದೆ ಇಳಿದರೆ ಕೋಟೆ ಅರ್ಧವೂ ನೋಡಿದಂತಲ್ಲ.

ಮೇಲೆ ಗೋಪಾಲಸ್ವಾಮಿ ಹೊಂಡವಿದೆ. ಸುತ್ತಲ ಬಂಡೆಗಳ ಮೇಲೆ ಬಿದ್ದ ಮಳೆಯೆಲ್ಲ ಅಲ್ಲಿಗೇ ಇಳಿಯುತ್ತದೆ. ಅದು ತುಂಬಿ ಕೋಡಿ ಬಿದ್ದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗೆ ಊರೊಳಗಿನ ಸಂತೆಹೊಂಡಕ್ಕೆ. ಪಂಪಿಲ್ಲ, ಏತವಿಲ್ಲ, ಇಳಿಜಾರೇ ಎಲ್ಲ ಕೆಲಸ ಮಾಡುತ್ತದೆ. ಕಿಂಡಿಯ ಹತ್ತಿರ ತಣ್ಣೀರು ದೋಣಿ ಎಂಬ ಸಣ್ಣ ನೀರಿನ ತಾಣವಿದೆ, ಅದನ್ನೂ ಈ ಕಣ್ಣಿನಿಂದಲೇ ನೋಡಬೇಕು. ಓಬವ್ವ ನೀರಿಗೆಂದು ಬಂದದ್ದು ಅಲ್ಲಿಗೇ ಎಂದು ಊರವರು ಹೇಳುತ್ತಾರೆ.

ಗೈಡ್ ಮಾಡಿಕೊಳ್ಳುವುದಾದರೆ ದುಡ್ಡು ಮಾತಾಡುವಾಗಲೇ ‘ಗೋಪಾಲಸ್ವಾಮಿ ಹೊಂಡದವರೆಗೆ ಬರ್ತೀರಾ’ ಎಂದು ಕೇಳಿಬಿಡಿ. ಆಮೇಲೆ ಕೇಳಿದರೆ ಮಾತು ಬೆಳೆಯುತ್ತದೆ. ಪೂರ್ತಿ ಸುತ್ತಲು ನಾಲ್ಕು ಗಂಟೆ ಇಟ್ಟುಕೊಳ್ಳಿ.

ಕೆಳಗಿನ ಬಾಗಿಲುಗಳಲ್ಲೂ ಅವಸರ ಬೇಡ. ದಾರಿ ನೆಟ್ಟಗಿಲ್ಲ, ಬಾಗಿಲಿನಿಂದ ಬಾಗಿಲಿಗೆ ತಿರುವಿದೆ. ಆನೆ ಓಡಿ ಬಂದು ಕದ ಗುದ್ದಬೇಕೆಂದರೂ ವೇಗ ಸಿಗಬಾರದು ಎಂಬ ಯೋಚನೆ. ಸ್ವಲ್ಪ ಮುಂದೆ ಸಿಡಿಮದ್ದು ಬೀಸುವ ಗುಂಡಿ, ಅದರೊಳಗೆ ನಾಲ್ಕು ದೊಡ್ಡ ಬೀಸುವ ಕಲ್ಲು. ಬಂಡೆಗಳನ್ನು ಹತ್ತಿರದಿಂದ ನೋಡಿದರೆ ಹೊಲಿಗೆ ಹಾಕಿದಂತೆ ಸಾಲಾಗಿ ಸಣ್ಣ ಗುಳಿಗಳು ಕಾಣುತ್ತವೆ. ಬೆಣೆ ಹೊಡೆದು ಕಲ್ಲು ಸೀಳಿದ ಗುರುತು ಅದು. ಕೆಲವು ಕಡೆ ಗುಳಿ ತೋಡಿದ್ದಾರೆ, ಕಲ್ಲು ಮಾತ್ರ ಸೀಳದೆ ಹಾಗೇ ಉಳಿದಿದೆ.

ತುಪ್ಪದ ಕೊಳದ ಬತ್ತೇರಿಗೆ (ಕಾವಲು ಬುರುಜಿಗೆ) ಹತ್ತುವುದು ಬಂಡೆಯಲ್ಲಿ ಕೊರೆದ ಕಾಲ್ಗುಳಿಗಳ ಮೇಲೆ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮಳೆ ಬಂದ ಮರುದಿನ, ಸವೆದ ಚಪ್ಪಲಿಯಲ್ಲಿ, ಮಕ್ಕಳನ್ನು ಎತ್ತಿಕೊಂಡು ಖಂಡಿತ ಬೇಡ. ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಬಂಡೆ ಕಾವಲಿಯಂತೆ ಕಾಯುತ್ತದೆ. ಬೆಳಗ್ಗೆ ಬಾಗಿಲು ತೆರೆದೊಡನೆ ಒಳಗೆ ಹೋಗಿ, ತಲೆಗೆ ಎರಡು ಲೀಟರ್ ನೀರು ಒಯ್ಯಿರಿ.

ತಿಮ್ಮಣ್ಣ ನಾಯಕ 1568ರಲ್ಲಿ ಶುರು ಮಾಡಿದ ಆಳ್ವಿಕೆ 1779ರಲ್ಲಿ ಮದಕರಿ ನಾಯಕ ಹೈದರಾಲಿಗೆ ಸೋಲುವುದರೊಂದಿಗೆ ಮುಗಿಯಿತು. ಆದರೆ ಕೋಟೆ ಟಿಕೆಟ್ ಕೌಂಟರಿನ ಒಳಗಷ್ಟೇ ಇಲ್ಲ. ಹೊರ ಸುತ್ತಿನ ರಂಗಯ್ಯನ ಬಾಗಿಲು ಇಂದಿಗೂ ಊರ ನಡುವೆ ನಿಂತಿದೆ, ಸರ್ಕಾರಿ ವಸ್ತುಸಂಗ್ರಹಾಲಯ ಇರುವುದೂ ಅಲ್ಲೇ. ಅದನ್ನು ನೋಡಿಕೊಂಡು ದೊಡ್ಡಪೇಟೆ ಹಾದು ಸಂತೆಹೊಂಡದ ಮೆಟ್ಟಿಲಿಗೆ ಬನ್ನಿ. ಬೆಳಗ್ಗೆ ಮೇಲೆ ಕಂಡ ನೀರಿನ ದಾರಿ ಇಲ್ಲಿ ಬಂದು ನಿಲ್ಲುತ್ತದೆ.

ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್, ಬೇಗ ಹೊರಟವರಿಗೆ ಸಂಜೆ ಹೊತ್ತು ಉಳಿಯುತ್ತದೆ. ಆಟೋ ಹಿಡಿದು ಚಂದ್ರವಳ್ಳಿಗೆ ಹೋಗಿ. ಅಲ್ಲಿನ ಬಂಡೆಯ ಮೇಲಿನ ಕದಂಬ ಮಯೂರಶರ್ಮನ ಶಾಸನ ಹೇಳುವುದೂ ಒಂದು ಕೆರೆಯ ಮಾತನ್ನೇ. ನಾಯಕರಿಗಿಂತ ಸಾವಿರ ವರ್ಷಕ್ಕೂ ಹಿಂದಿನದು. ಪಕ್ಕದ ಅಂಕಲಿ ಮಠದ ಗುಹೆಗೆ ಇಳಿಯುವುದಾದರೆ ಒಳ್ಳೆಯ ಟಾರ್ಚ್ ಇರಲಿ, ಮೊಬೈಲ್ ಬೆಳಕು ಸಾಲದು.