ಹಳೇ ಕಪ್ಪಿನ ಮೇಲೆ ಕಾಡುಪಾಪ

ನಮ್ಮ ತುಮಕೂರಲ್ಲೇ ಒಬ್ರು ಆರ್ಟಿಸ್ಟು ಗುಜರಿಗೆ ಹೋಗೋ ಹಳೇ ಪಿಂಗಾಣಿ ಕಪ್ಪು ಸಾಸರ್ ತಂದು ಅದರ ಮೇಲೆ ದೇವರಾಯನದುರ್ಗದ ಕಾಡಿನ ಪ್ರಾಣಿ, ಹೂವು ಎಲ್ಲಾ ಬಿಡಿಸಿ ಮಾರ್ತಾರೆ, ನಾನು ಕಾಡುಪಾಪ ಇರೋದು ತಗೊಂಡೆ. ಆ ಗುಂಡು ಕಣ್ಣು ನೋಡ್ತಾ ಕೂತ್ರೆ ಕಾಫಿ ಆರೋಗುತ್ತೆ ಕಣ್ರಿ! ಸುಮ್ನೆ ಪೇಂಟ್ ಬಳಿದಿರೋದಲ್ಲ, ಮತ್ತೆ ಗೂಡಲ್ಲಿಟ್ಟು ಸುಮಾರು 800 ಡಿಗ್ರೀಲಿ ಸುಟ್ಟಿರೋದು, ಅದಕ್ಕೇ ಎರಡು ತಿಂಗಳಿಂದ ನಮ್ಮತ್ತೆ ಉಜ್ಜಿದ್ರೂ ಬಣ್ಣ ಹೋಗಿಲ್ಲ. ಚಿನ್ನದ ಗೆರೆ ಇರೋದನ್ನ ಮಾತ್ರ ಮೈಕ್ರೋವೇವಲ್ಲಿ ಇಡ್ಬೇಡಿ, ಕಿಡಿ ಹಾರುತ್ತೆ. ಮುತ್ತುಗದ ಹೂವಿನ ತಟ್ಟೆ ಅಷ್ಟಕ್ಕಷ್ಟೆ. 650 ರೂಪಾಯಿ ಸ್ವಲ್ಪ ಜಾಸ್ತಿನೇ, ಸಾಸರ್ ಅಂಚು ಬೇರೆ ಮುಕ್ಕಾಗಿತ್ತು, ಕೇಳಿದ್ರೆ "ಹಳೇದಲ್ವಾ ಮೇಡಂ, ಮೊದ್ಲಿಂದ್ಲೂ ಹಂಗೇ" ಅಂತ ನಕ್ರು.