ಎರಡು ಮಳೆಗಾಲ ಕಂಡ ಸೊಳ್ಳೆಪರದೆ

ಪರದೆ ಮನೆಗೆ ಬಂದ ದಿನ ನಾನು ಮೊದಲು ಅದನ್ನು ಒಳಮಗ್ಗುಲು ಮಾಡಿ ಹೊಲಿಗೆ ನೋಡಿದೆ. ಹನ್ನೆರಡು ವರ್ಷದಿಂದ ಮುಂಬೈಯ ಪರೇಲಿನ ಈ ಚಾಳಿನಲ್ಲಿ (ಒಂದೊಂದೇ ಖೋಲಿ, ಅಂದರೆ ಕೋಣೆ, ಇರುವ ಮನೆಗಳ ವಠಾರ) ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲು ಹಾಕುತ್ತೇನೆ. ಬಟ್ಟೆ ಯಾವುದೇ ಇರಲಿ, ಚಂದ ಮುಂಭಾಗದಲ್ಲಿರುತ್ತದೆ, ಸತ್ಯ ಹಿಂಭಾಗದಲ್ಲಿರುತ್ತದೆ. ಮಾಡಿನ ತುಂಡು ಮತ್ತು ಗೋಡೆಯ ತುಂಡು ಸೇರುವಲ್ಲಿ ಎರಡು ಸಾಲು ಹೊಲಿಗೆ ಇತ್ತು. ನಾಲ್ಕು ಮೂಲೆಯಲ್ಲೂ ಲಾಡಿ ಕೂರಿಸುವ ಜಾಗಕ್ಕೆ ದಪ್ಪ ಬಟ್ಟೆಯ ತುಂಡು ಕೊಟ್ಟಿದ್ದರು. ಕೆಳಗಿನ ಅಂಚನ್ನು ಮಡಚಿ ಹೊಲಿದಿದ್ದರು. ಅಲ್ಲಿಗೇ ನನಗೆ ಅರ್ಧ ಸಮಾಧಾನ ಆಯಿತು.

ಇದು ಔಷಧಿ ಸೇರಿಸಿದ ಪರದೆ. ಬಟ್ಟೆಯ ಎಳೆಯೊಳಗೇ ಆಲ್ಫಾ-ಸೈಪರ್‌ಮೆಥ್ರಿನ್ ಅನ್ನುವ ಔಷಧಿ ಇರುತ್ತದೆ. ಪರದೆ ಮೇಲೆ ಕೂತ ಸೊಳ್ಳೆಗೆ ಕಾಲಿನಿಂದಲೇ ಅದು ತಗಲುತ್ತದೆ. ಅಳತೆ ಆರು ಅಡಿ ಉದ್ದ, ಆರು ಅಡಿ ಅಗಲ, ಐದು ಅಡಿ ಎತ್ತರ. ಬೆಲೆ 1,180 ರೂಪಾಯಿ. ದಾದರ್ ಸ್ಟೇಷನ್ ಪಕ್ಕದ ಗಲ್ಲಿಯ ಒಂದು ಅಂಗಡಿಯಲ್ಲಿ ತಗೊಂಡೆ. ಅಂಗಡಿಯವರು ಪೊಟ್ಟಣ ಬಿಚ್ಚಿಸಿ ಟೇಪು ಹಿಡಿದು ಅಳೆಯಲು ಬಿಟ್ಟರು. ಅದು ದೊಡ್ಡ ಮಾತು, ಯಾಕೆಂದರೆ ಇದಕ್ಕೆ ಮುಂಚೆ ಹೋದ ಎರಡು ಅಂಗಡಿಯಲ್ಲಿ ಬಿಚ್ಚಲು ಬಿಟ್ಟಿರಲಿಲ್ಲ.

ಯಾಕೆ ಇಷ್ಟು ತಲೆ ಕೆಡಿಸಿಕೊಂಡೆ ಎಂದು ಹೇಳಬೇಕು. ಮೂರು ವರ್ಷದ ಹಿಂದೆ, ಆಗಸ್ಟಿನಲ್ಲಿ, ದೊಡ್ಡ ಮಗನಿಗೆ ಜ್ವರ ಬಂತು. ಅವನಿಗೆ ಆಗ ಐದು ವರ್ಷ. ಮಧ್ಯಾಹ್ನ ಚಳಿ ಶುರು. ಎರಡು ಕಂಬಳಿ ಹೊದೆಸಿದರೂ ಹಲ್ಲು ಕಟಕಟ. ಆಮೇಲೆ ಮೈ ಕೆಂಡ. ರಾತ್ರಿ ಬೆವರಿ ಅಂಗಿ ಹಿಂಡುವಷ್ಟು ಒದ್ದೆ. ಮರುದಿನ ಏನೂ ಆಗದವನ ಹಾಗೆ ಆಡಿಕೊಂಡಿದ್ದ. ಜ್ವರ ಬಿಟ್ಟಿತು ಅಂದುಕೊಂಡೆವು. ಅದರ ಮರುದಿನ ಅದೇ ಹೊತ್ತಿಗೆ ಮತ್ತೆ ಚಳಿ. ಪಾಲಿಕೆ ದವಾಖಾನೆಯಲ್ಲಿ ಬೆರಳು ಚುಚ್ಚಿ ರಕ್ತ ನೋಡಿದರು. ವೈವ್ಯಾಕ್ಸ್ ಮಲೇರಿಯಾ. ಮೂರು ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್ ಬರೆದುಕೊಟ್ಟರು. ಏಳನೇ ದಿನಕ್ಕೆ ಮಗು ಚೆನ್ನಾಗಿದ್ದಾನಲ್ಲ ಎಂದು ನಾನೇ ಮಾತ್ರೆ ನಿಲ್ಲಿಸಿದೆ. ವೈವ್ಯಾಕ್ಸ್ ಲಿವರಿನಲ್ಲಿ ಅಡಗಿ ಕೂತಿರುತ್ತದೆ, ಅದನ್ನು ಅಲ್ಲಿಂದ ತೆಗೆಯಲಿಕ್ಕೇ ಆ 14 ದಿನ ಎಂದು ನನಗೆ ಆಗ ತಿಳಿದಿರಲಿಲ್ಲ. ದೀಪಾವಳಿ ಕಳೆದು ಎರಡು ವಾರಕ್ಕೆ ಮತ್ತೆ ಜ್ವರ. ಆ ಸಲ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕಿ 14 ದಿನವೂ ಕೊಟ್ಟೆ. ದಯವಿಟ್ಟು ಯಾರೂ ನಾನು ಮಾಡಿದ ಹಾಗೆ ಮಾಡಬೇಡಿ.

ಜ್ವರ ಎಲ್ಲಿಂದ ಬಂತು ಎಂದು ಹುಡುಕುತ್ತಾ ಪಾಲಿಕೆಯ ಸೊಳ್ಳೆ ವಿಭಾಗದವರು ಚಾಳಿಗೆ ಬಂದರು. ಪಕ್ಕದಲ್ಲಿ ಹಳೇ ಮಿಲ್ಲಿನ ಜಾಗಕ್ಕೆ ದೊಡ್ಡ ಟವರ್ ಏಳುತ್ತಿದೆ. ತಳದಲ್ಲಿ ಮಳೆನೀರು ನಿಂತಿತ್ತು, ಎಲ್ಲರೂ ಅತ್ತಲೇ ಕೈ ತೋರಿಸಿದೆವು. ಅವರು ಅಲ್ಲಿಗೂ ಹೋದರು. ಆದರೆ ಮೊದಲು ನಮ್ಮ ಮೋರಿಯ, ಅಂದರೆ ಖೋಲಿಯೊಳಗಿನ ಬಚ್ಚಲ ಮೂಲೆಯ, ನೀರಿನ ಡ್ರಮ್ಮಿಗೆ ಟಾರ್ಚ್ ಬಿಟ್ಟರು. ಬಿಳಿ ಸೌಟಿನಲ್ಲಿ ನೀರು ಎತ್ತಿ ನನಗೆ ತೋರಿಸಿದರು. ಅಕ್ಕಿಕಾಳಿಗಿಂತ ಸಣ್ಣ ಹುಳ, ಮೂರು. ನೀರಿನ ಮೇಲೆ ಕಡ್ಡಿ ತೇಲಿದ ಹಾಗೆ ಅಡ್ಡ ಮಲಗಿದ್ದವು. ಗಟಾರದ ಸೊಳ್ಳೆಯ ಮರಿಯಾದರೆ ತಲೆ ಕೆಳಗೆ ಮಾಡಿ ತೂಗಾಡುತ್ತದೆ ಅಕ್ಕಾ, ಹೀಗೆ ಅಡ್ಡ ಮಲಗುವುದು ಮಲೇರಿಯಾದ್ದು ಅಂದರು. ಅನಾಫಿಲಿಸ್ ಸ್ಟೀಫೆನ್ಸಿ ಎಂದು ಅದರ ಹೆಸರು. ಮುಂಬೈಯಲ್ಲಿ ಮಲೇರಿಯಾ ಹರಡುವುದು ಅದೇ. ಅದಕ್ಕೆ ಕೊಳಕು ನೀರು ಬೇಡ. ಟಾಂಕಿ, ಬಾವಿ, ಡ್ರಮ್ಮು, ನಾವು ಕುಡಿಯುವ ಚೊಕ್ಕ ನೀರೇ ಬೇಕು. ನನ್ನ ಮನೆ ಶುದ್ಧ ಇದೆ ಎಂದು ನಾನು ನಂಬಿಕೊಂಡಿದ್ದೆ. ಆ ಸೌಟು ನೋಡಿ ಕೈಕಾಲು ತಣ್ಣಗಾಯಿತು.

ಮೊದಲು ತಂದದ್ದು ಈ ಪರದೆ ಅಲ್ಲ. ಕೊಡೆಯ ಹಾಗೆ ಬಿಚ್ಚಿಕೊಳ್ಳುವ, ಜಿಪ್ ಇರುವ ಗುಡಾರದ ಪರದೆ. ಕೊಕ್ಕೆ ಹೊಡೆಯುವುದು ಬೇಡ, ಮಡಚಿ ಕಪಾಟಿನ ಹಿಂದೆ ಇಡಬಹುದು, ಒಂದೇ ಖೋಲಿಯ ಸಂಸಾರಕ್ಕೆ ಸರಿ ಅನ್ನಿಸಿತ್ತು. ಎರಡು ತಿಂಗಳಲ್ಲಿ ಜಿಪ್ಪಿನ ಹಲ್ಲು ಬಿಟ್ಟಿತು. ನಾನೇ ಬದಲಾಯಿಸಿದೆ, ಅದು ಬಿಡಿ. ನಿಜವಾದ ತೊಂದರೆ ಅದರ ಆಕಾರ. ಬದಿಗಳು ಒಳಕ್ಕೆ ಬಾಗಿರುತ್ತವೆ. ಮಕ್ಕಳು ರಾತ್ರಿ ಹೊರಳದೆ ಇರುತ್ತಾರಾ? ಬೆಳಗ್ಗೆ ಎದ್ದು ನೋಡಿದರೆ ಚಿಕ್ಕವಳ ಮೊಣಕೈ ಬಲೆಗೆ ಒತ್ತಿಕೊಂಡಿತ್ತು. ಒತ್ತಿದ ಜಾಗದಲ್ಲಿ ಮಾತ್ರ ಸಾಲಾಗಿ ನಾಲ್ಕು ಕೆಂಪು ಚುಕ್ಕೆ. ಸೊಳ್ಳೆ ಹೊರಗೇ ಕೂತು ಬಲೆಯ ತೂತಿನಿಂದ ಕಚ್ಚಿತ್ತು. ಔಷಧಿ ಇಲ್ಲದ ಸಾದಾ ಬಲೆ ಅದು, ಕೂತ ಸೊಳ್ಳೆಗೆ ಏನೂ ಆಗುವುದಿಲ್ಲ.

ಹಾಗಾಗಿ ಈ ಸಲ ಅಳತೆ ಲೆಕ್ಕ ಹಾಕಿದೆ. ಮಕ್ಕಳಿಬ್ಬರ ಹಾಸಿಗೆ ನಾಲ್ಕು ಅಡಿ ಅಗಲ, ನೆಲದ ಮೇಲೆ. ಪರದೆ ಆರು ಅಡಿ. ಆಚೀಚೆ ಒಂದೊಂದು ಅಡಿ ಜಾಗ ಸಿಗುತ್ತದೆ. ಹಾಸಿಗೆಯ ಕೆಳಗೆ ಆರು ಅಡಿಯ ಚಾಪೆ ಹಾಸಿ, ಪರದೆಯ ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸುತ್ತೇನೆ. ಹಾಸಿಗೆಯ ಕೆಳಗೇ ಸಿಕ್ಕಿಸಿದರೆ ಗೋಡೆ ಒಳಗೆ ಎಳೆದು ಮತ್ತೆ ಮೈಗೆ ತಗಲುತ್ತದೆ. ಕೊಕ್ಕೆಗಳನ್ನು ನಾಲ್ಕು ಅಡಿ ಎತ್ತರಕ್ಕೆ ಹೊಡೆಸಿದೆ, ಆಗ ಸಿಕ್ಕಿಸಲು ಸುತ್ತಲೂ ಒಂದು ಅಡಿ ಬಟ್ಟೆ ಉಳಿಯುತ್ತದೆ. ತಗೊಳ್ಳುವವರು ಬಣ್ಣ ನೋಡಬೇಡಿ. ಅಗಲ ನೋಡಿ, ಎತ್ತರ ನೋಡಿ.

ಬಲೆಯ ತೂತಿನ ಲೆಕ್ಕವೂ ಮುಖ್ಯ. ಪೊಟ್ಟಣದ ಮೇಲೆ ಒಂದು ಚದರ ಇಂಚಿಗೆ 156 ಎಂದಿತ್ತು. ಸೀಸದ ಕಡ್ಡಿಯಿಂದ ಇಂಚಿನ ಚೌಕ ಬರೆದು, ಸೂಜಿಮೊನೆ ಇಟ್ಟು ಎಣಿಸಿದೆ. ಹನ್ನೆರಡು ಸಾಲು, ಸಾಲಿಗೆ ಹದಿಮೂರು. ಸರಿ ಇತ್ತು. ಗುಡಾರದ ಪರದೆಯನ್ನೂ ಹಾಗೇ ಎಣಿಸಿದೆ, ನೂರೂ ಬರಲಿಲ್ಲ.

ಹೊಸದರಲ್ಲಿ ಒಂದು ದಿನ ನೆರಳಿನಲ್ಲಿ ಹರವಬೇಕು. ನಾನು ಆತುರಪಟ್ಟು ಸಂಜೆಗೇ ಕಟ್ಟಿದೆ. ಚಿಕ್ಕವಳು ಮೂಗು ತುರಿಸುತ್ತದೆ ಅಂದಳು. ತೆಗೆದು ಮರುದಿನವೆಲ್ಲ ಗ್ಯಾಲರಿಯಲ್ಲಿ ಗಾಳಿಗೆ ಹಾಕಿದ ಮೇಲೆ ಏನೂ ತೊಂದರೆ ಬರಲಿಲ್ಲ. ಬಿಸಿಲಿಗೆ ಒಣಗಿಸಬಾರದು, ಔಷಧಿ ಬೇಗ ಹೋಗುತ್ತದೆ. ತಣ್ಣೀರು, ಸಾದಾ ಸೋಪು ಸಾಕು. ಇಂಥ ಪರದೆ 20 ಸಲ ಒಗೆದರೂ, ಮೂರು ವರ್ಷ ಬಳಸಿದರೂ ಕೆಲಸ ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲು. ನಾನು ಎರಡು ವರ್ಷದಲ್ಲಿ ಏಳು ಸಲ ಒಗೆದಿದ್ದೇನೆ. ಒಗೆದ ನೀರನ್ನು ಪಾಯಿಖಾನೆಗೇ ಸುರಿಯುತ್ತೇನೆ. ಈ ಔಷಧಿ ಮೀನಿಗೆ ವಿಷ. ಚಾಳಿನ ಹಿಂದಿನ ಹಳೇ ಬಾವಿಯಲ್ಲಿ ಸೊಳ್ಳೆಮರಿ ತಿನ್ನಲೆಂದು ಗಪ್ಪಿ ಮೀನು ಬಿಟ್ಟಿದ್ದಾರೆ, ಆ ಕಡೆಗೆ ಒಂದು ಹನಿಯೂ ಹೋಗಬಾರದು.

ಅತ್ತೆ ಊರಿಂದ ಬಂದಾಗ ನೋಡಿ ಬೇಜಾರು ಮಾಡಿಕೊಂಡರು. ಕುಂದಾಪುರದ ಕಡೆ ನಮ್ಮಲ್ಲಿ ಸಂಜೆ ಲಕ್ಕಿ ಸೊಪ್ಪಿನ ಹೊಗೆ ಹಾಕುತ್ತಾರೆ. "ಈ ಸೆಕೆಯಲ್ಲಿ ಮಕ್ಕಳನ್ನು ಬಲೆಯೊಳಗೆ ಹಾಕಿದ್ದೀಯಲ್ಲ, ಉಸಿರು ಕಟ್ಟಲ್ವಾ?" ಅಂದರು. ಸೆಕೆಯ ಮಾತು ನಿಜ. ಮೇ ತಿಂಗಳಲ್ಲಿ ಫ್ಯಾನಿನ ಗಾಳಿ ಅರ್ಧವೂ ಒಳಗೆ ಬರುವುದಿಲ್ಲ. ಟೇಬಲ್ ಫ್ಯಾನನ್ನು ನೆಲದ ಮಟ್ಟಕ್ಕೆ, ಪರದೆಗೆ ಹತ್ತಿರ ಇಟ್ಟ ಮೇಲೆ ಸುಮಾರಾಗಿ ಸರಿಹೋಯಿತು. ಈ ಪರದೆಯಲ್ಲಿ ನಾನು ಹೇಳುವ ಕೊರತೆ ಅದೊಂದೇ. ಹೊಗೆಯ ವಿಷಯದಲ್ಲಿ ಮಾತ್ರ ನನಗೆ ಅತ್ತೆಯ ಮಾತು ಒಪ್ಪಲಾಗಲಿಲ್ಲ. ಊರಲ್ಲಿ ಮನೆಗೆ ನಾಲ್ಕು ದಿಕ್ಕಿಗೂ ಬಾಗಿಲಿದೆ. ಇಲ್ಲಿ ಒಂದು ಬಾಗಿಲು, ಒಂದು ಕಿಟಕಿ.

ಸೊಳ್ಳೆ ಬತ್ತಿಯನ್ನು ನಾವು ಬಿಟ್ಟೇಬಿಟ್ಟೆವು. ಒಂದು ಬತ್ತಿ ಪೂರ್ತಿ ಉರಿದರೆ ಹೊರಬೀಳುವ ಸಣ್ಣ ಕಣ 75ರಿಂದ 137 ಸಿಗರೇಟಿನಷ್ಟಿರುತ್ತದೆ ಎಂದು 2003ರ ಒಂದು ಅಧ್ಯಯನ ಲೆಕ್ಕ ಕೊಟ್ಟಿದೆ. ಅಷ್ಟು ಹೊಗೆಯನ್ನು ಮಲಗಿದ ಮಗುವಿನ ಮೂಗಿನ ಹತ್ತಿರ ಇಡುವುದು ಬೇಡ. ಪ್ಲಗ್ಗಿನ ಲಿಕ್ವಿಡ್ ಈಗಲೂ ಇದೆ, ಸಂಜೆ ಮಕ್ಕಳು ಪಾಠ ಓದುವಾಗ ಹಚ್ಚುತ್ತೇನೆ. ಆದರೆ ಅದನ್ನೇ ನಂಬಿಕೊಂಡು ಮಲಗಿಸುವುದಿಲ್ಲ. ಇವರು ಹೋಟೆಲಿನಿಂದ ಬರುವುದು ರಾತ್ರಿ ಒಂದು ಗಂಟೆಗೆ. ಚಾಳಿನಲ್ಲಿ ಬಾಗಿಲು ಮುಚ್ಚುವುದೇ ತಡ. ಬಾಗಿಲು ತೆರೆದಿದ್ದರೆ ಲಿಕ್ವಿಡ್ಡಿನ ಔಷಧಿ ಗಾಳಿಗೆ ಹೋಗುತ್ತದೆ. ಅನಾಫಿಲಿಸ್ ಕಚ್ಚುವುದು ಕತ್ತಲಾದ ಮೇಲಿಂದ ಬೆಳಕು ಹರಿಯುವ ತನಕ. ಒಂಬತ್ತೂವರೆಗೆ ಮಲಗಿದ ಮಗುವನ್ನು ಅಷ್ಟೂ ಹೊತ್ತು ಕಾಯುವುದು ಪರದೆ ಮಾತ್ರ.

ಔಷಧಿ ಪರದೆಯ ಮೇಲೆ ಆಫ್ರಿಕಾದ ಹಲವು ದೇಶಗಳಲ್ಲಿ ದೊಡ್ಡ ಪ್ರಯೋಗಗಳಾಗಿವೆ. ಪರದೆ ಇಲ್ಲದ ಹಳ್ಳಿಗಳಿಗಿಂತ ಪರದೆ ಕೊಟ್ಟ ಹಳ್ಳಿಗಳಲ್ಲಿ ಮಕ್ಕಳ ಸಾವು ನೂರಕ್ಕೆ ಸುಮಾರು 17ರಷ್ಟು ಕಡಿಮೆ. ಬರೀ ಮಲೇರಿಯಾ ಸಾವಲ್ಲ, ಎಲ್ಲ ಕಾರಣದ ಸಾವೂ ಸೇರಿ. ಇದನ್ನು ದವಾಖಾನೆಯ ಡಾಕ್ಟರಮ್ಮ ಹೇಳಿದಾಗ ನಾನು ಮಗನ ಕೈ ಹಿಡಿದುಕೊಂಡು ಕೂತಿದ್ದೆ. ಅಲ್ಲಿಯೇ ತೀರ್ಮಾನ ಮಾಡಿದೆ. ಈಗ ಕೆಲವು ಕಡೆ ಸೊಳ್ಳೆಗಳು ಈ ಔಷಧಿಗೆ ಒಗ್ಗಿಕೊಂಡಿವೆ ಎಂದೂ ಅವರೇ ಹೇಳಿದರು. ಅದಕ್ಕೇ ಹೊಲಿಗೆ ನೋಡಿ ಎಂದು ನಾನು ಇಷ್ಟು ಒತ್ತಿ ಹೇಳುವುದು. ಔಷಧಿ ಸೋತ ಕಡೆಯೂ ತೂತಿಲ್ಲದ ಬಟ್ಟೆ ಸೊಳ್ಳೆಯನ್ನು ತಡೆಯುತ್ತದೆ. ಡೆಂಗ್ಯೂ ಸೊಳ್ಳೆ ಹಗಲು ಕಚ್ಚುವುದು. ಮಧ್ಯಾಹ್ನ ಮಲಗುವ ಕೂಸಿದ್ದರೆ ಆಗಲೂ ಪರದೆ ಇಳಿಸಿ.

ಪರದೆಯ ಜೊತೆಗೆ ಡ್ರಮ್ಮಿಗೂ ಬಟ್ಟೆ ಹೊಲಿದೆ. ಪ್ಲಾಸ್ಟಿಕ್ ಮುಚ್ಚಳ ಬಿಗಿಯಾಗಿ ಕೂರುವುದಿಲ್ಲ, ಸೊಳ್ಳೆಗೆ ಒಂದು ಸಂದಿ ಸಾಕು. ಡ್ರಮ್ಮಿನ ಬಾಯಿ 23 ಇಂಚು. 35 ಇಂಚಿನ ಗುಂಡು ಪಾಪ್ಲಿನ್ ಕತ್ತರಿಸಿ, ಅಂಚಿಗೆ ಎಲಾಸ್ಟಿಕ್ ಹಾಕಿದೆ. ಟೊಪ್ಪಿಯ ಹಾಗೆ ಕೂರುತ್ತದೆ. ಪ್ರತಿ ಶುಕ್ರವಾರ ಡ್ರಮ್ಮು ಖಾಲಿ ಮಾಡಿ, ಒಳಗೋಡೆ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ ತುಂಬುತ್ತೇನೆ. ಮೊಟ್ಟೆಯಿಂದ ಸೊಳ್ಳೆ ಆಗಲು ಸೆಕೆಯಲ್ಲಿ ಒಂದು ವಾರವೇ ಸಾಕಾಗಬಹುದು. ಮಹಡಿಯ ಹನ್ನೊಂದು ಖೋಲಿಗೂ ಟೊಪ್ಪಿ ಹೊಲಿದುಕೊಟ್ಟಿದ್ದೇನೆ. ನನ್ನ ಡ್ರಮ್ಮು ಒಂದನ್ನೇ ಮುಚ್ಚಿದರೆ ಸೊಳ್ಳೆ ಪಕ್ಕದ ಮನೆಯಿಂದ ಬರುತ್ತದಲ್ವಾ? ಬಟ್ಟೆಯ ದುಡ್ಡು ಮಾತ್ರ ತಗೊಂಡೆ.

ಎರಡು ಮಳೆಗಾಲ ಕಳೆದವು. ಮಕ್ಕಳಿಬ್ಬರಿಗೂ ಮಲೇರಿಯಾ ಬಂದಿಲ್ಲ. ಪರದೆ ಕಾರಣವೋ, ಡ್ರಮ್ಮಿನ ಟೊಪ್ಪಿ ಕಾರಣವೋ ನಾನು ಬೇರೆ ಮಾಡಿ ಹೇಳಲಾರೆ, ಎರಡನ್ನೂ ಬಿಡುವುದಿಲ್ಲ. ಎಡಗಡೆಯ ಮೂಲೆಯಲ್ಲಿ ಮಗ ಜೋತುಬಿದ್ದು ಒಂದು ಕಡೆ ಹರಿದಿತ್ತು. ಹಳೇ ಗುಡಾರದ ಬಲೆಯನ್ನು ಎರಡು ಪದರ ಮಾಡಿ ತೇಪೆ ಹಾಕಿದ್ದೇನೆ, ಗಟ್ಟಿ ನಿಂತಿದೆ. ನಾವಿಬ್ಬರೂ ಮಾತ್ರ ಈಗಲೂ ಪರದೆ ಇಲ್ಲದೆ ಹೊರಗೆ ಮಲಗುತ್ತೇವೆ. ನಮ್ಮ ರಕ್ತದಲ್ಲಿ ಬಂದರೆ ಸೊಳ್ಳೆ ಅಲ್ಲಿಂದ ಮಕ್ಕಳಿಗೆ ಒಯ್ಯಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಎರಡನೇ ಪರದೆಗೆ ದುಡ್ಡು ಎತ್ತಿಟ್ಟಿದ್ದೇನೆ. ಮೊನ್ನೆ ಕೇಳಿದೆ, ಅದೇ ಅಂಗಡಿಯಲ್ಲಿ ಅದೇ ಅಳತೆಯದು ಈಗ 1,240 ರೂಪಾಯಿ.